ಬಾಯ್ಕಾಟ್ ಎಂಬ ಮನುಷ್ಯ

ಕೇಳುಗರೇ, ನಮಸ್ಕಾರ.

ಸಿನಿಮಾ ಬಾಯ್ಕಾಟ್, ಪರೀಕ್ಷೆ ಬಾಯ್ಕಾಟ್, ಕ್ಲಾಸ್ ಬಾಯ್ಕಾಟ್. ಈ ಇಂಗ್ಲಿಷ್ ಪದ ನಮ್ಮಲ್ಲಿ ಸಲೀಸಾಗಿ ಓಡಾಡುತ್ತದೆ. ಕಿವಿಗೆ ಬಾಯಿಯೂ ಕಾಟವೂ ಸೇರಿದ ಹಾಗೆ ಕೇಳಿಸುತ್ತದೆ, ಅಲ್ವಾ? ಅಸಲಿಗೆ ಅದು ಒಬ್ಬ ಮನುಷ್ಯನ ಹೆಸರು. ಕ್ರಿಕೆಟ್ಟಿನ ಜೆಫ್ರಿ ಬಾಯ್ಕಾಟ್ ಅಲ್ಲ. ಅವರಿಗಿಂತ ಬಹಳ ಹಿಂದಿನ ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್.

ಈತ ಐರ್ಲೆಂಡಿನ ಮೇಯೊ ಸೀಮೆಯಲ್ಲಿ ಲಾರ್ಡ್ ಅರ್ನ್ ಎಂಬ ಜಮೀನುದಾರನ ಏಜೆಂಟ್. ಗೇಣಿ ವಸೂಲಿ ಇವನ ಕೆಲಸ. ಕೊಡದಿದ್ದರೆ ಒಕ್ಕಲೆಬ್ಬಿಸುವುದೂ ಇವನದೇ. 1880ರಲ್ಲಿ ರೈತರು ಕಷ್ಟದಲ್ಲಿದ್ದರು. ಗೇಣಿಯಲ್ಲಿ ಕಾಲು ಭಾಗ ಇಳಿಸಿ ಅಂದರು. ಧಣಿ ಇಳಿಸಿದ್ದು ನೂರಕ್ಕೆ ಹತ್ತು. ಸೆಪ್ಟೆಂಬರಿನಲ್ಲಿ ನೋಟಿಸು ಹಿಡಿದು ಬಂದವರನ್ನು ಹೆಂಗಸರು ಮಣ್ಣು, ಸಗಣಿ ಎಸೆದು ಓಡಿಸಿದರು.

ಅದಕ್ಕೆ ಸ್ವಲ್ಪ ಮುಂಚೆ ಎನಿಸ್ ಊರಿನ ಸಭೆಯಲ್ಲಿ ರೈತ ಚಳವಳಿಯ ನಾಯಕ ಪಾರ್ನೆಲ್ ಜನರನ್ನು ಕೇಳಿದ್ದ: ಒಬ್ಬ ರೈತನನ್ನು ಒಕ್ಕಲೆಬ್ಬಿಸಿದ ಹೊಲವನ್ನು ಇನ್ನೊಬ್ಬ ಹಿಡಿದರೆ ಏನು ಮಾಡುತ್ತೀರಿ? ಕೊಲ್ಲಿ ಅಂತ ಕೂಗು ಬಂತು. ಬೇಡ, ಅವನ ಜೊತೆ ಮಾತು ಬಿಡಿ, ವ್ಯಾಪಾರ ಬಿಡಿ ಅಂದ ಪಾರ್ನೆಲ್. ಜನ ಅದನ್ನೇ ಬಾಯ್ಕಾಟನ ಮೇಲೆ ಪ್ರಯೋಗಿಸಿದರು. ಆಳುಗಳು ಕೆಲಸ ಬಿಟ್ಟರು. ಕಮ್ಮಾರ ಬರಲಿಲ್ಲ. ಬಟ್ಟೆ ಒಗೆಯುವವರಿಲ್ಲ. ಪೇಟೆಯಲ್ಲಿ ಸಾಮಾನು ಹುಟ್ಟಲಿಲ್ಲ. ಬೆಳೆ ಹೊಲದಲ್ಲೇ ನಿಂತಿತು.

ಕೊನೆಗೆ ಬೇರೆ ಕಡೆಯಿಂದ ಸುಮಾರು 50 ಜನರನ್ನು ಕರೆಸಿ ಆಲೂಗಡ್ಡೆ, ಟರ್ನಿಪ್ ಕೀಳಿಸಿದರು. ಅವರ ಕಾವಲಿಗೆ ನೂರಾರು ಸೈನಿಕರು, ಪೊಲೀಸರು! ಕಿತ್ತ ಬೆಳೆಗಿಂತ ಕಾವಲಿನ ಖರ್ಚೇ ಎಷ್ಟೋ ಪಟ್ಟು ಜಾಸ್ತಿ. ನವೆಂಬರ್ 27ರಂದು ಬಾಯ್ಕಾಟ್ ಊರು ಬಿಟ್ಟ. ಆಗಲೂ ಗಾಡಿ ಹೊಡೆಯುವವರು ಸಿಗಲಿಲ್ಲ, ಸೈನ್ಯದ ಆಂಬುಲೆನ್ಸಿನಲ್ಲಿ ಹೋಗಬೇಕಾಯಿತು.

ಹೆಸರು ಪದವಾದದ್ದು ಹೇಗೆ? ಅಮೆರಿಕದ ಪತ್ರಕರ್ತ ರೆಡ್‌ಪಾತ್ ಇದನ್ನು ಹೇಳಿದ್ದಾನೆ. ಬಹಿಷ್ಕಾರಕ್ಕೆ ಇಂಗ್ಲಿಷಿನಲ್ಲಿ ಆಸ್ಟ್ರಸಿಸಮ್ ಅಂತ ಗ್ರೀಕ್ ಮೂಲದ ಪದ ಇತ್ತು. ಊರ ಪಾದ್ರಿ ಓಮ್ಯಾಲಿಗೆ ಅದು ರೈತರ ನಾಲಿಗೆಗೆ ಹೊಂದದು ಅನ್ನಿಸಿತು. ಬಾಯ್ಕಾಟ್ ಮಾಡೋಣ ಅಂದರೆ ಹೇಗೆ ಅಂದನಂತೆ. ವರ್ಷ ಮುಗಿಯುವ ಮೊದಲೇ ಲಂಡನ್ನಿನ ಪತ್ರಿಕೆಗಳು ಆ ಪದ ಬಳಸಿದವು. ಫ್ರೆಂಚ್, ಜರ್ಮನ್, ರಷ್ಯನ್, ಜಪಾನಿ ಭಾಷೆಗಳಿಗೂ ಹೋಯಿತು. 1905ರ ಬಂಗಾಳ ವಿಭಜನೆಯ ಹೊತ್ತಿಗೆ ವಿದೇಶಿ ಬಟ್ಟೆಯ ಬಾಯ್ಕಾಟ್ ನಮ್ಮಲ್ಲೂ ಶುರುವಾಗಿತ್ತು.

ಕನ್ನಡದಲ್ಲಿ ಇದಕ್ಕೆ ಬಹಿಷ್ಕಾರ ಅನ್ನುತ್ತೇವೆ. ರಸ್ತೆಯಿಲ್ಲದ ಊರಿನವರು ಮತದಾನ ಬಹಿಷ್ಕಾರ ಅಂತ ಬ್ಯಾನರ್ ಕಟ್ಟುತ್ತಾರೆ. ಜಾತಿ ಬಿಟ್ಟು ಮದುವೆಯಾದವರ ಮನೆಗೆ ಅಂಗಡಿಯವನು ಅಕ್ಕಿ ಕೊಡದಿದ್ದರೆ, ಕೂಲಿಗೆ ಕರೆಯದಿದ್ದರೆ ಅದಕ್ಕೂ ಬಹಿಷ್ಕಾರ ಅಂತಲೇ ವರದಿಯಾಗುತ್ತದೆ. ಮಾಡುವ ರೀತಿ ಮೇಯೊದ್ದೇ. ಆದರೆ ಅಲ್ಲಿ ಗೇಣಿದಾರರು ಧಣಿಯ ಏಜೆಂಟನ ವಿರುದ್ಧ ನಿಂತಿದ್ದರು. ಇಲ್ಲಿ ಊರಿಗೆ ಊರೇ ಒಂದು ಮನೆಯ ಮೇಲೆ ಬೀಳುತ್ತದೆ. ನಾನಂತೂ ಮೊದಲನೆಯದಕ್ಕೆ ಬಾಯ್ಕಾಟ್ ಅನ್ನುತ್ತೇನೆ, ಎರಡನೆಯದಕ್ಕೆ ಆ ಹೆಸರು ಕೊಡುವುದಿಲ್ಲ.

ನಮಸ್ಕಾರ.