ಮಂಜಿನೊಳಗಿನ ಆನೆ

ಕೇಳುಗರಿಗೆ ನಮಸ್ಕಾರ.

ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ ಕೊಡಗಿನ ಸಿದ್ದಾಪುರದ ಕಡೆಯ ಕಾಫಿ ತೋಟವೊಂದರಲ್ಲಿ ನಡೆದು ಹೋಗುತ್ತಿದ್ದೆ. ದಟ್ಟ ಮಂಜು. ಸಿಲ್ವರ್ ಮರಗಳ ಬೂದು ಕಾಂಡ, ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡಗಳ ಕಪ್ಪು. ಜೊತೆಗಿದ್ದ, ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರು ತಟ್ಟನೆ ನನ್ನ ತೋಳು ಹಿಡಿದು ನಿಲ್ಲಿಸಿದರು. ಅವರು ತೋರಿಸಿದ ಕಡೆ ನೋಡಿದೆ. ಮರಗಳು, ಅಷ್ಟೆ. ಆಮೇಲೆ ಎರಡು ಮರಗಳ ನಡುವಿನ ಬೂದು ತುಂಡೊಂದು ಬೀಸಣಿಗೆಯಂತೆ ಬೀಸಿತು. ಅದರ ಹಿಂದೆಯೇ ಒಂದು ಬೂದು ರಾಶಿ ಅರ್ಧ ಹೆಜ್ಜೆ ಸರಿಯಿತು. ಕಿವಿ, ಬೆನ್ನು, ನಾನು ಮರವೆಂದು ಎಣಿಸಿದ್ದ ಕಾಲು, ಎಲ್ಲ ಒಮ್ಮೆಲೇ ಕೂಡಿಕೊಂಡು ಆನೆಯಾಯಿತು.

ಆನೆ ಮೊದಲಿನಿಂದಲೂ ನನ್ನ ಕಣ್ಣಿಗೆ ಬೀಳುತ್ತಲೇ ಇತ್ತು. ಯಾವ ತುಂಡು ಯಾವುದಕ್ಕೆ ಸೇರಿದ್ದು ಎಂಬುದನ್ನು ಮಾತ್ರ ಮನಸ್ಸು ಇನ್ನೂ ತೀರ್ಮಾನಿಸಿರಲಿಲ್ಲ. ಈ ತೀರ್ಮಾನಕ್ಕೂ ಕಟ್ಟಳೆಗಳಿವೆ ಎಂದು ಜರ್ಮನಿಯಲ್ಲಿ ಮನೋವಿಜ್ಞಾನಿ ಮ್ಯಾಕ್ಸ್ ವರ್ಟ್‌ಹೈಮರ್ 1923ರಲ್ಲಿ ಬರೆದರು. ಹತ್ತಿರ ಇರುವವು ಒಂದು ಗುಂಪು, ಒಂದೇ ಬಗೆಯವು ಒಂದು ಗುಂಪು, ಒಟ್ಟಿಗೆ ಚಲಿಸುವವು ಒಂದು ಗುಂಪು. ನಿಂತ ಆನೆಯ ಬೂದು ಮರದ ಬೂದಿನಲ್ಲಿ ಕರಗಿಹೋಗುವುದು ಎರಡನೆಯ ಕಟ್ಟಳೆಯಿಂದ. ಅಲುಗಿದೊಡನೆ ಬೇರ್ಪಡುವುದು ಮೂರನೆಯದರಿಂದ.

ಕಣ್ಣು ಕೊಡದೇ ಇದ್ದದ್ದನ್ನೂ ಮನಸ್ಸು ತುಂಬಿಕೊಳ್ಳುತ್ತದೆ. ಬಿಳಿ ತಟ್ಟೆಯಲ್ಲಿ ಎರಡು ಮೆಣಸಿನ ಕಾಳುಗಳನ್ನು ಅಕ್ಕಪಕ್ಕ, ನಾಲ್ಕು ಬೆರಳಗಲದ ಅಂತರದಲ್ಲಿ ಇಡಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಎಡಗಡೆಯ ಕಾಳನ್ನೇ ದಿಟ್ಟಿಸುತ್ತ, ಒಂದು ಮೊಳ ದೂರದಿಂದ ಮುಖವನ್ನು ಮೆಲ್ಲನೆ ಹತ್ತಿರ ತನ್ನಿ. ಒಂದು ಹಂತದಲ್ಲಿ ಬಲಗಡೆಯ ಕಾಳು ಮಾಯ. ಕಣ್ಣಿನ ನರ ಹೊರಡುವ ಜಾಗದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳಿಲ್ಲ. ಆದರೂ ಅಲ್ಲಿ ತೂತು ಕಾಣುವುದಿಲ್ಲ, ತಟ್ಟೆಯ ಬಿಳುಪೇ ಕಾಣುತ್ತದೆ. ಆ ತೇಪೆ ಮನಸ್ಸಿನದು.

ನನ್ನನ್ನು ಹೆಚ್ಚು ಕಾಡುವುದು ದೂರದ ಅಂದಾಜು. ಮಡಿಕೇರಿಯ ರಾಜಾಸೀಟಿನಲ್ಲಿ ನಿಂತು ನೋಡಿ: ಹತ್ತಿರದ ಬೆಟ್ಟ ಹಸಿರು, ಅದರಾಚೆಯದು ನೀಲಿ, ಇನ್ನೂ ಆಚೆಯದು ಬರಿಯ ಬಿಳಚು. ಮಸುಕಾದದ್ದು ದೂರದ್ದು ಎಂಬ ಪಾಠವನ್ನು ಮನಸ್ಸು ಹೀಗೆ ಕಲಿತಿರುತ್ತದೆ. ಮಂಜು ಕವಿದಾಗ ಹತ್ತಿರದ್ದೂ ಮಸುಕು. ಮನಸ್ಸು ಅದನ್ನು ದೂರಕ್ಕೆ ತಳ್ಳುತ್ತದೆ. ಹಾಗಾಗಿ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಅಣ್ಣ ಅಕ್ಕಂದಿರನ್ನು, ಶಾಲೆಗೆ ನಡೆದು ಹೋಗುವ ಮಕ್ಕಳನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ: ಮಂಜಿನಲ್ಲಿ ಆನೆ ಕಂಡರೆ, ಇನ್ನೂ ದೂರವಿದೆ ಎಂದು ನಿಲ್ಲಬೇಡಿ. ಬಂದ ದಾರಿಯಲ್ಲೇ ಹಿಂದಿರುಗಿ.

ನಾವೂ ಹಾಗೆಯೇ ಹಿಂದಿರುಗಿದೆವು. ಬಿಸಿಲೇರಿ, ಆನೆ ಹಳ್ಳದ ಕಡೆ ಇಳಿದು ಹೋದದ್ದು ಖಚಿತವಾದ ಮೇಲೆ ಹೆಜ್ಜೆ ಎಣಿಸುತ್ತ ಆ ಜಾಗಕ್ಕೆ ಹೋದೆವು. ನಾನು ನೂರು ಎಂದುಕೊಂಡಿದ್ದೆ, ಎಣಿಸಿದ್ದು 42. ರೈಟರು ಏನೂ ಹೇಳಲಿಲ್ಲ. ಮುರಿದು ಬಿದ್ದಿದ್ದ ಕೊಂಬೆಯಿಂದ ಕಾಫಿ ಹಣ್ಣುಗಳನ್ನು ಬಿಡಿಸಿ ಚೀಲಕ್ಕೆ ಹಾಕಿಕೊಂಡರು.

ನಮಸ್ಕಾರ.