ಬೇಳೆ ನೆನೆಹಾಕಿ ಸೈಕಲ್ ಹತ್ತಿದೆ

ಬೆಳಿಗ್ಗೆ ಆರೂಕಾಲು. ಅಡುಗೆಮನೆ ಕಟ್ಟೆ ಮೇಲೆ ಕಾಣುತ್ತಿದೆಯಲ್ಲ, ಆ ಪಾತ್ರೆಯಲ್ಲಿ ಮುಕ್ಕಾಲು ಲೋಟ ತೊಗರಿಬೇಳೆ ಇದೆ. ಎರಡು ಸಲ ತೊಳೆದು, ನೀರು ಹಾಕಿ ತಟ್ಟೆ ಮುಚ್ಚುತ್ತೇನೆ. ಈಗ ಸೈಕಲ್ ಹತ್ತಿದರೆ, ಮಾರ್ಕೆಟ್‌ಗೆ ಹೋಗಿ ಬರುವಷ್ಟರಲ್ಲಿ ಬೇಳೆ ಹದವಾಗಿ ನೆನೆದಿರುತ್ತದೆ. ಭಾನುವಾರ ನಾನು ಟೈಮ್ ನೋಡುವುದೇ ಹೀಗೆ.

ಎಲ್ಲರಿಗೂ ನಮಸ್ಕಾರ. ನಾನಿರುವುದು ಮೈಸೂರಿನ ಸರಸ್ವತಿಪುರಂನಲ್ಲಿ. ಇಲ್ಲಿಂದ ದೇವರಾಜ ಮಾರುಕಟ್ಟೆಗೆ ಸುಮಾರು 3 ಕಿಲೋಮೀಟರ್. ಆರಾಮವಾಗಿ ತುಳಿದರೂ ಕಾಲು ಗಂಟೆ ಸಾಕು. ಚಾಮುಂಡಿ ಬೆಟ್ಟದ ಕಡೆ ಹೋಗದಿದ್ದರೆ ನಮ್ಮೂರಲ್ಲಿ ದೊಡ್ಡ ಏರು ಅಷ್ಟಾಗಿ ಸಿಗುವುದಿಲ್ಲ. ಹಾಗಾಗಿ ನನ್ನ ಸೈಕಲ್‌ಗೆ ಗೇರ್ ಇಲ್ಲ. ಬೇಕು ಅಂತ ಅನ್ನಿಸಿಯೂ ಇಲ್ಲ. ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್, ಚೈನ್ ಪೂರ್ತಿ ಮುಚ್ಚುವ ಕವರ್, ಎರಡೂ ಚಕ್ರಕ್ಕೆ ಮಡ್‌ಗಾರ್ಡ್. ಚೂಡಿದಾರ್ ಹಾಕಿಕೊಂಡರೂ ತುಳಿಯಬಹುದು, ಮಳೆ ಬಂದ ಮೇಲೆ ಹೋದರೂ ಬೆನ್ನಿಗೆ ಕೆಸರು ಹಾರುವುದಿಲ್ಲ. ಸೆಕೆಂಡ್ ಹ್ಯಾಂಡ್ ಸೈಕಲ್ ಇದು. ಬಣ್ಣ ಹೋಗಿದೆ, ಆದರೆ ಬೇರಿಂಗ್ ಇನ್ನೂ ಗಟ್ಟಿಮುಟ್ಟಾಗಿದೆ.

ಕ್ಯಾರಿಯರ್ ಮೇಲೆ ಸುತ್ತಿರುವ ಈ ಕಪ್ಪು ಪಟ್ಟಿಯನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಇದು ಹಳೇ ಟ್ಯೂಬ್. ಪಂಕ್ಚರ್ ಹಾಕಿ ಹಾಕಿ ಇನ್ನು ಆಗಲ್ಲ ಅಂದ ಮೇಲೆ, ಪಂಕ್ಚರ್ ಅಂಗಡಿಯವರು ಅದನ್ನು ಉದ್ದಕ್ಕೆ ಸೀಳಿ ಕೊಟ್ಟರು. ಒಂದು ತುದಿಯನ್ನು ಕ್ಯಾರಿಯರ್ ಕಂಬಿಗೆ ಗಂಟು ಹಾಕಿದ್ದೇನೆ. ಇನ್ನೊಂದು ತುದಿಯನ್ನು ಎಳೆದು, ಸಾಮಾನಿನ ಮೇಲೆ ಎರಡು ಸುತ್ತು ಸುತ್ತಿ, ಕೆಳಗೆ ಸಿಕ್ಕಿಸಿದರೆ ಮುಗಿಯಿತು. ಹಗ್ಗವಾದರೆ ರಸ್ತೆ ಹಂಪ್ ಹಾರಿದಾಗ ಸಡಿಲವಾಗುತ್ತದೆ. ರಬ್ಬರ್ ಹಾಗಲ್ಲ. ಸಾಮಾನು ಕುಲುಕಿ ಸ್ವಲ್ಪ ಕುಸಿದರೆ ತಾನೂ ಬಿಗಿಯಾಗಿ ಕೂರುತ್ತದೆ. ಹಾಲಿನವರು, ಸೊಪ್ಪಿನವರು ಎಷ್ಟೋ ವರ್ಷದಿಂದ ಹೀಗೇ ಕಟ್ಟುತ್ತಿದ್ದಾರೆ. ನಾನು ಅವರನ್ನು ನೋಡಿಯೇ ಕಲಿತದ್ದು.

ಇದನ್ನು ಕಲಿಯುವುದಕ್ಕೆ ಮೊದಲು ಒಂದು ಸಲ ಬಿದ್ದೆ. ಆಗ ನಾನು ವಯರ್ ಬ್ಯಾಗನ್ನು ಹ್ಯಾಂಡಲ್‌ಗೆ ನೇತುಹಾಕಿಕೊಂಡು ಬರುತ್ತಿದ್ದೆ. ಎರಡು ಕೆಜಿ ಟೊಮೆಟೊ, ಒಂದು ಕೆಜಿ ಈರುಳ್ಳಿ. ಜೆಎಲ್‌ಬಿ ರಸ್ತೆಯಲ್ಲಿ ಒಂದು ಸ್ಕೂಟರ್ ಅಡ್ಡ ಬಂತು ಅಂತ ಹ್ಯಾಂಡಲ್ ತಿರುಗಿಸಿದೆ. ಬ್ಯಾಗ್ ಓಲಾಡಿ ಹೋಗಿ ಮುಂದಿನ ಚಕ್ರದ ಕಡ್ಡಿಗಳ ಮಧ್ಯೆ ಸಿಕ್ಕಿಕೊಂಡಿತು. ಚಕ್ರ ನಿಂತೇ ಬಿಟ್ಟಿತು. ಮೊಣಕೈ ತರಚಿತು, ಟೊಮೆಟೊ ರಸ್ತೆಪಾಲಾಯಿತು. ಬಸ್‌ಸ್ಟಾಪ್‌ನಲ್ಲಿದ್ದ ಒಬ್ಬ ಅಜ್ಜಿ ಓಡಿ ಬಂದು, ಒಡೆಯದೆ ಉಳಿದಿದ್ದನ್ನೆಲ್ಲ ತಮ್ಮ ಸೆರಗಲ್ಲಿ ಆರಿಸಿ ಕೊಟ್ಟರು. ಅವತ್ತಿಂದ ಹ್ಯಾಂಡಲ್‌ಗೆ ನಾನು ಏನನ್ನೂ ನೇತುಹಾಕುವುದಿಲ್ಲ. ನೀವೂ ಹಾಕಬೇಡಿ. ಭಾರ ಏನಿದ್ದರೂ ಹಿಂದೆ ಇರಲಿ, ಆದಷ್ಟು ಕೆಳಗಿರಲಿ. ಬುಟ್ಟಿಯಲ್ಲಿ ಸೊಪ್ಪು, ಬ್ರೆಡ್, ಮೊಟ್ಟೆಯಂಥ ಹಗುರವಾದದ್ದು ಮಾತ್ರ.

ಬನ್ನಿ, ಮಾರ್ಕೆಟ್ ಬಂತು. ನೂರು ವರ್ಷಕ್ಕೂ ಹಳೆಯ ಕಟ್ಟಡ ಇದು. 2016ರಲ್ಲಿ ಉತ್ತರದ ಬಾಗಿಲ ಕಡೆ ಒಂದಷ್ಟು ಭಾಗ ಕುಸಿಯಿತು. ಆ ಸುದ್ದಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಮಲ್ಲಿಗೆ, ವೀಳ್ಯದೆಲೆ, ಬಾಳೆಹಣ್ಣು, ಕುಂಕುಮ ಎಲ್ಲದರ ವಾಸನೆ ಒಟ್ಟಿಗೇ ಬರುತ್ತದೆ. ಕ್ಯಾಮೆರಾದಲ್ಲಿ ಅದನ್ನು ಹಿಡಿಯುವುದಕ್ಕೆ ಆಗುವುದಿಲ್ಲವಲ್ಲ ಅಂತ ಪ್ರತಿ ಸಲ ಬೇಜಾರಾಗುತ್ತದೆ.

ಈ ವಾರ ಬೆರಕೆ ಸೊಪ್ಪು ತಗೊಂಡೆ. ದಂಟು, ಕೀರೆ, ಸ್ವಲ್ಪ ಸಬ್ಬಸಿಗೆ, ಎರಡು ಕಡ್ಡಿ ಗಣಿಕೆ, ಎಲ್ಲ ಸೇರಿಸಿ ಒಂದು ಕಟ್ಟು. ದಂಟಿನ ಕಾಂಡವನ್ನು ಉಗುರಿನಿಂದ ಹೀಗೆ ಒತ್ತಿ ನೋಡಬೇಕು. ಸುಲಭವಾಗಿ ಉಗುರು ಇಳಿದರೆ ಎಳೆಯದು. ನಾರು ಎದ್ದರೆ ಬಲಿತಿದೆ ಅಂತ. ಆಮೇಲೆ ಅರ್ಧ ಕೆಜಿ ಈರುಳ್ಳಿ, ಒಂದು ಹಿಡಿ ಬೆಳ್ಳುಳ್ಳಿ, ಅರ್ಧ ಹೋಳು ಕಾಯಿ. ನಾಲ್ಕು ನಂಜನಗೂಡು ರಸಬಾಳೆ ಸಿಕ್ಕಿತು, ಇವತ್ತಿನ ಅದೃಷ್ಟ. ಇಷ್ಟೇ.

ಈ ‘ಇಷ್ಟೇ’ ಬಗ್ಗೆ ಸ್ವಲ್ಪ ಮಾತಾಡಬೇಕು ನಾನು. ಮೊದಲು ತಿಂಗಳಿಗೊಮ್ಮೆ ಆಟೋ ಮಾಡಿಕೊಂಡು ದೊಡ್ಡ ಅಂಗಡಿಗೆ ಹೋಗಿ, ಕೈಗೆ ಸಿಕ್ಕಿದ್ದನ್ನೆಲ್ಲ ಗಾಡಿಗೆ ತುಂಬಿಕೊಂಡು ಬರುತ್ತಿದ್ದೆ. ಫ್ರಿಜ್‌ನಲ್ಲಿ ಜಾಗ ಇರುತ್ತಿರಲಿಲ್ಲ. ಆದರೂ ಸಂಜೆ ಕೆಲಸದಿಂದ ಬಂದು ಬಾಗಿಲು ತೆಗೆದರೆ ಏನು ಮಾಡಬೇಕು ಅಂತ ತೋಚುತ್ತಿರಲಿಲ್ಲ. ಕೊನೆಗೆ ಹೊರಗಿನಿಂದ ತರಿಸುತ್ತಿದ್ದೆ, ಕೊತ್ತಂಬರಿ ಕವರಿನೊಳಗೇ ಕೊಳೆಯುತ್ತಿತ್ತು. ಸೈಕಲ್ ಬಂದ ಮೇಲೆ ಅದೆಲ್ಲ ನಿಂತಿತು. ಒಂದು ಬುಟ್ಟಿ, ಒಂದು ಕ್ಯಾರಿಯರ್. ಅದರಲ್ಲಿ ಹಿಡಿಸುವಷ್ಟೇ ಸಾಮಾನು. ಎರಡು ಮೂರು ದಿನಕ್ಕೆ ಆಗುತ್ತದೆ, ಆಮೇಲೆ ಮತ್ತೆ ಹೋಗುತ್ತೇನೆ. ತಂದಿದ್ದು ಕಣ್ಣೆದುರಿಗೇ ಇರುವುದರಿಂದ ಅಡುಗೆಯೂ ತಾನಾಗಿ ಸರಳವಾಯಿತು. ಸೊಪ್ಪಿದೆಯಾ, ಹಾಗಾದರೆ ಸೊಪ್ಪಿನ ಸಾರು. ಬದನೆಕಾಯಿ ಇದೆಯಾ, ಗೊಜ್ಜು. ರೆಸಿಪಿ ಹುಡುಕಿಕೊಂಡು ಕೂರುವ ಕೆಲಸವೇ ಇಲ್ಲ.

ಒಂದು ಬೇಜಾರು ಮಾತ್ರ ಹೇಳಿಬಿಡುತ್ತೇನೆ. ಹೋದ ತಿಂಗಳು ಒಂದು ಅಂಗಡಿಯಲ್ಲಿ ಸೈಕಲ್ ನಿಲ್ಲಿಸಲು ಹೋದೆ. ಇಲ್ಲಿ ಸೈಕಲ್‌ಗೆ ಪಾರ್ಕಿಂಗ್ ಇಲ್ಲ, ರಸ್ತೆಯಲ್ಲಿ ನಿಲ್ಲಿಸಿ ಅಂದರು. ಮುಂದೆ ಹತ್ತು ಸ್ಕೂಟರ್ ನಿಂತಿದ್ದವು. ನಾನು ಸಾಮಾನು ತಗೊಳ್ಳದೆ ಬಂದೆ. ಒಂದು ಸ್ಕೂಟರ್ ಜಾಗದಲ್ಲಿ ಎರಡು ಸೈಕಲ್ ನಿಲ್ಲುತ್ತವೆ. ಒಂದು ಕಬ್ಬಿಣದ ಕಂಬಿ ನೆಟ್ಟರೂ ಸಾಕು, ಬೀಗ ಹಾಕಿಕೊಳ್ಳುತ್ತೇವೆ. ಅಂಗಡಿ ನಡೆಸುವವರು ಯಾರಾದರೂ ನೋಡುತ್ತಿದ್ದರೆ ದಯವಿಟ್ಟು ಯೋಚನೆ ಮಾಡಿ.

ಸೈಕಲ್ ನನ್ನ ಜೀವನಕ್ಕೆ ಬಂದಿದ್ದು ಎಂಟನೇ ಕ್ಲಾಸಲ್ಲಿ. ನಮ್ಮೂರು ಮಂಡ್ಯ ಕಡೆ. ಹೈಸ್ಕೂಲ್ ಪಕ್ಕದೂರಲ್ಲಿ, 4 ಕಿಲೋಮೀಟರ್ ದೂರ. ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ರಾಜ್ಯ ಸರ್ಕಾರ 2006-07ರಲ್ಲಿ ಶುರು ಮಾಡಿತ್ತು. ಮರುವರ್ಷ ನನಗೆ ಸಿಕ್ಕಿತು. ಅಪ್ಪ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟರು. ಅವತ್ತು ಸಂಜೆಯೇ ಅಮ್ಮ ನನ್ನನ್ನು ಮಿಲ್‌ಗೆ ಕಳಿಸಿದರು, ಹಿಂದೆ ರಾಗಿ ಚೀಲ ಕಟ್ಟಿ. ಸ್ಕೂಲಿಗೆ ಅಂತ ಕೊಟ್ಟ ಸೈಕಲ್ ಮೊದಲು ಹೊತ್ತಿದ್ದು ರಾಗಿಯನ್ನ. ಹಾಲು ಡೈರಿಗೆ, ಬುತ್ತಿ ಗದ್ದೆಗೆ, ತಮ್ಮ ಅಂಗನವಾಡಿಗೆ, ಎಲ್ಲ ಅದರ ಮೇಲೇ.

ಆಮೇಲೆ ಓದು, ಕೆಲಸ ಅಂತ ಊರು ಬಿಟ್ಟೆ. ಸೈಕಲ್ ಮರೆತೇ ಹೋಗಿತ್ತು. 2017ರ ಜೂನ್‌ನಲ್ಲಿ ಮೈಸೂರಲ್ಲಿ ಟ್ರಿನ್ ಟ್ರಿನ್ ಅನ್ನುವ ಸಾರ್ವಜನಿಕ ಸೈಕಲ್ ಯೋಜನೆ ಶುರುವಾಯಿತು. ಒಟ್ಟು 450 ಸೈಕಲ್. ಕಾರ್ಡ್ ತೋರಿಸಿ ಒಂದು ಸ್ಟ್ಯಾಂಡ್‌ನಲ್ಲಿ ತಗೊಂಡು ಇನ್ನೊಂದರಲ್ಲಿ ಬಿಡಬಹುದಿತ್ತು. ಸುಮ್ನೆ ಒಂದು ದಿನ ಹತ್ತಿದೆ. ಕುಕ್ಕರಹಳ್ಳಿ ಕೆರೆ ಪಕ್ಕ ಹೋಗುವಾಗ ಮುಖಕ್ಕೆ ಗಾಳಿ ಬಡಿಯಿತು ನೋಡಿ, ಕಣ್ಣಲ್ಲಿ ನೀರು ಬಂತು. ಆ ತಿಂಗಳ ಸಂಬಳದಲ್ಲೇ ಈ ಸೈಕಲ್ ತಗೊಂಡೆ.

ಸರಿ, ಮನೆಗೆ ಬಂದೆವು. ಹೋಗಿ ಬಂದು ಒಂದು ಗಂಟೆ ಹತ್ತು ನಿಮಿಷ. ಬೇಳೆ ನೋಡಿ, ಉಬ್ಬಿ ದಪ್ಪಗಾಗಿದೆ.

ಇವತ್ತು ಉಪ್ಸಾರು, ಮುದ್ದೆ. ಮೈಸೂರು, ಮಂಡ್ಯ ಕಡೆಯವರಿಗೆ ಇದನ್ನು ಹೇಳಿಕೊಡುವ ಅಗತ್ಯ ಇಲ್ಲ. ಬೇರೆ ಕಡೆಯವರಿಗಾಗಿ ನಿಧಾನವಾಗಿ ತೋರಿಸುತ್ತೇನೆ. ದಪ್ಪ ತಳದ ಪಾತ್ರೆಯಲ್ಲಿ ಐದಾರು ಲೋಟ ನೀರು ಕುದಿಸಿ ಬೇಳೆ ಹಾಕಿ. ಕುಕ್ಕರ್ ಬೇಡ. ಕುಕ್ಕರ್‌ನಲ್ಲಿ ಬೇಳೆ ಕರಗಿ ಹೋಗುತ್ತದೆ, ನಮಗೆ ಅದು ಇಡಿಯಾಗಿಯೇ ಬೇಕು. ಒಂದು ಬೇಳೆ ತೆಗೆದು ಬೆರಳಲ್ಲಿ ಒತ್ತಿ. ಮೆತ್ತಗಾಗಬೇಕು, ಆದರೆ ಆಕಾರ ಬಿಡಬಾರದು. ಆ ಹದಕ್ಕೆ ಬಂದಾಗ, ತೊಳೆದು ಹೆಚ್ಚಿದ ಸೊಪ್ಪು, ಉಪ್ಪು ಹಾಕಿ. ಮುಚ್ಚಳ ಮುಚ್ಚಬೇಡಿ, ಸೊಪ್ಪಿನ ಹಸಿರು ಉಳಿಯಲಿ. ಐದು ನಿಮಿಷ, ಜಾಸ್ತಿ ಅಂದರೆ ಏಳು. ಆಮೇಲೆ ಬಸಿದುಬಿಡಿ.

ಈಗ ಒಂದು ಕಡೆ ಕಟ್ಟು, ಅಂದರೆ ಬಸಿದ ನೀರು, ಇನ್ನೊಂದು ಕಡೆ ಬೆಂದ ಸೊಪ್ಪು ಬೇಳೆ. ಒಂದೇ ಪಾತ್ರೆಯಿಂದ ಸಾರೂ ಆಯಿತು, ಪಲ್ಯವೂ ಆಯಿತು. ನಮ್ಮ ಕಡೆ ಹೆಂಗಸರು ಗದ್ದೆ ಕೆಲಸ ಮುಗಿಸಿ ಬಂದು, ಒಂದೇ ಒಲೆಯಲ್ಲಿ ಇಷ್ಟನ್ನೂ ಮಾಡುತ್ತಿದ್ದರು. ಈ ಅಡುಗೆ ಮಾಡುವಾಗಲೆಲ್ಲ ಅವರ ಬುದ್ಧಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ಪಲ್ಯಕ್ಕೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ, ಮೇಲೆ ಕಾಯಿತುರಿ.

ಉಪ್ಸಾರಿನ ಜೀವ ಇರುವುದು ಖಾರದಲ್ಲಿ. ಬಣ್ಣಕ್ಕೆ ನಾಲ್ಕು ಬ್ಯಾಡಗಿ, ಖಾರಕ್ಕೆ ಮೂರು ಗುಂಟೂರು, ಬರೀ ಬಾಣಲೆಯಲ್ಲಿ ಗರಿಗರಿ ಹುರಿದುಕೊಳ್ಳಿ. ಎಂಟು ಹತ್ತು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಮೆಣಸು, ಅಷ್ಟೇ ಜೀರಿಗೆ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಉಪ್ಪು. ರುಬ್ಬುವಾಗ ಸಾದಾ ನೀರಿನ ಬದಲು ಒಂದು ಸೌಟು ಕಟ್ಟು ಹಾಕಿ. ಮಿಕ್ಸಿಯಲ್ಲೂ ಆಗುತ್ತದೆ. ನಾನು ಅಮ್ಮ ಕೊಟ್ಟ ಸಣ್ಣ ಒರಳಲ್ಲಿ ಅರೆಯುತ್ತೇನೆ. ಕಲ್ಲಿನಲ್ಲಿ ಬೆಳ್ಳುಳ್ಳಿ ಜಜ್ಜಿಕೊಂಡು ಮೆಣಸಿನಕಾಯಿಗೆ ಬೆರೆಯುವಾಗ ಬರುವ ಘಮವೇ ಬೇರೆ. ಈ ಖಾರವನ್ನು ಕಟ್ಟಿಗೆ ಹಾಕಿ ಕುದಿಸಬಾರದು. ಕುದಿಸಿ ಒಗ್ಗರಣೆ ಕೊಟ್ಟರೆ ಅದು ಬಸ್ಸಾರಿನ ದಾರಿ. ಉಪ್ಸಾರಿಗೆ ಖಾರ ತಟ್ಟೆಯ ಅಂಚಲ್ಲಿ. ಬೇಕಾದಷ್ಟು ಕಲಸಿಕೊಳ್ಳುವುದು.

ಮುದ್ದೆಗೆ ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಮೊದಲು ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕಲಸಿ ನೀರಿಗೆ ಸೇರಿಸಿ. ಕುದಿ ಬಂದ ಮೇಲೆ ಉಳಿದ ಹಿಟ್ಟನ್ನು ಗುಡ್ಡೆಯಾಗಿ ಸುರಿಯಿರಿ. ಕೈ ಹಾಕಬೇಡಿ, ಹಾಗೇ ಬೇಯಲಿ. ಹಿಟ್ಟಿನ ಸುತ್ತ ನೀರು ಉಕ್ಕಿ ಮೇಲೆ ಹತ್ತುತ್ತದೆ. ನಾಲ್ಕೈದು ನಿಮಿಷ ಬಿಟ್ಟು, ಪಾತ್ರೆ ಕೆಳಗಿಳಿಸಿ, ಕಾಲಲ್ಲಿ ಗಟ್ಟಿಯಾಗಿ ಹಿಡಿದು, ಕೋಲಿನಿಂದ ತಿರುಗಿಸಬೇಕು. ಅವಸರ ಮಾಡಿದರೆ ಗಂಟಾಗುತ್ತದೆ. ಒದ್ದೆ ಕೈಯಲ್ಲಿ ಉಂಡೆ ಕಟ್ಟಿದಾಗ ಹೀಗೆ ಮಿಂಚಬೇಕು.

ಊಟದ ಶಾಟ್ ಇಷ್ಟೇ. ಬಿಸಿ ಆರುವುದರೊಳಗೆ ತಿನ್ನಬೇಕಿತ್ತು, ಕ್ಯಾಮೆರಾ ಆಫ್ ಮಾಡಿದೆ. ರಸಬಾಳೆ ಕೊನೆಗೆ.

ಮಧ್ಯಾಹ್ನ ಮೂರು ಗಂಟೆ. ಡಬ್ಬಿಯಲ್ಲಿ ಹಿಟ್ಟು ತಳ ಕಂಡಿದೆ, ಮಿಲ್‌ಗೆ ಹೋಗಬೇಕು. 5 ಕೆಜಿ ರಾಗಿ, ತೊಳೆದು ಎರಡು ದಿನ ಒಣಗಿಸಿದ್ದು. ಊರಿಂದ ಅಮ್ಮ ಕಳಿಸುತ್ತಾರೆ. ನಮ್ಮ ಹೊಲದಲ್ಲಿ ಅಜ್ಜ ಇಂಡಾಫ್ ಹಾಕುತ್ತಿದ್ದರು. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಂಡಿಯಾದ ರಾಗಿಗೂ ಆಫ್ರಿಕಾದ ರಾಗಿಗೂ ಕ್ರಾಸ್ ಮಾಡಿ ಕೊಟ್ಟ ತಳಿಗಳು ಅವು. ಎರಡೂ ಹೆಸರು ಸೇರಿ ಇಂಡಾಫ್ ಆಯಿತು. ನಮ್ಮ ಕಡೆ ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು. ತಟ್ಟೆಗೆ ಮುದ್ದೆ ಬಂದಾಗ ನೆನೆಯಬೇಕಾದ ಹೆಸರು ಅದು.

ಹೋಗುವ ದಾರಿಯಲ್ಲಿ ಹಿಂದಿನ ಟೈರ್ ಒಮ್ಮೆ ಹೆಬ್ಬೆರಳಲ್ಲಿ ಒತ್ತಿ ನೋಡಿದೆ. ಭಾರ ಹಾಕುವ ದಿನ ಹಿಂದೆ ಗಾಳಿ ಬಿಗಿಯಾಗಿರಬೇಕು. ಕಡಿಮೆ ಇದ್ದರೆ ಗುಂಡಿಗೆ ಬಿದ್ದಾಗ ಟ್ಯೂಬ್ ರಿಮ್ಮಿಗೂ ಟೈರಿಗೂ ನಡುವೆ ಸಿಕ್ಕಿ ಒಡೆಯುತ್ತದೆ, ಅಕ್ಕಪಕ್ಕ ಎರಡು ತೂತು. ಟ್ಯೂಬ್ ನೀರಲ್ಲಿ ಮುಳುಗಿಸಿದಾಗ ಜೋಡಿ ಗುಳ್ಳೆ ಬಂದರೆ ಕಾರಣ ಮುಳ್ಳಲ್ಲ, ಗಾಳಿ ಕಡಿಮೆ ಇದ್ದದ್ದು ಅಂತ ತಿಳ್ಕೊಳ್ಳಿ.

ಮಿಲ್‌ನಿಂದ ಬರುವಾಗ ಚೀಲ ಬಿಸಿಯಾಗಿತ್ತು. ಕಲ್ಲಿನ ಮಧ್ಯೆ ಉಜ್ಜಿ ಬಂದ ಹಿಟ್ಟು ಹಾಗೇ ಇರುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಬೆನ್ನ ಹಿಂದೆ ಆ ಶಾಖ, ಹುರಿದ ರಾಗಿಯಂಥ ವಾಸನೆ. ಎಂಟನೇ ಕ್ಲಾಸಲ್ಲಿ ಕತ್ತಲಾಗುವ ಮೊದಲು ಮನೆ ಸೇರಬೇಕು ಅಂತ ಜೋರಾಗಿ ತುಳಿಯುತ್ತಿದ್ದಾಗಲೂ ಇದೇ ವಾಸನೆ.

ಬಿಸಿ ಹಿಟ್ಟನ್ನು ಹಾಗೇ ಡಬ್ಬಿಗೆ ಹಾಕಿದರೆ ಮುಚ್ಚಳದ ಒಳಗೆ ಬೆವರಿ ಮುಗ್ಗಲು ಬರುತ್ತದೆ. ಅದಕ್ಕೇ ಹಳೇ ಕಾಟನ್ ಸೀರೆ ಹಾಸಿ ಹರವಿದ್ದೇನೆ. ಅಂಗೈ ಇಟ್ಟು ನೋಡಿದೆ, ಮಧ್ಯದಲ್ಲಿ ಇನ್ನೂ ಬೆಚ್ಚಗಿದೆ. ಆರಲು ಇನ್ನೊಂದು ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಹೊರಗೆ ಹೋಗಿ ಚೈನ್‌ಗೆ ನಾಲ್ಕು ತೊಟ್ಟು ಎಣ್ಣೆ ಬಿಟ್ಟು ಬರುತ್ತೇನೆ.