ಹಳದಿ ಪಿನ್ನಿನ ಚಿತ್ರ, ಬಿಳಿ ಪಿನ್ನಿನ ಪೇಟಿ

ಕೇಳುಗರಿಗೆಲ್ಲ ನಮಸ್ಕಾರ.

ನಾನು ದಾವಣಗೆರೆಯಲ್ಲಿ ಟಿವಿ, ಟೇಪ್‌ರೆಕಾರ್ಡರ್ ರಿಪೇರಿ ಮಾಡುವವನು. ಹೋದ ತಿಂಗಳು ಜಗಳೂರು ಕಡೆಯ ಒಬ್ಬ ಅಕ್ಕ ಅಂಗಡಿಗೆ ಬಂದರು. ಕೈಯಲ್ಲಿ ಗೋಣಿಚೀಲ, ಅದರಲ್ಲಿ ವಿಡಿಯೊ ಕ್ಯಾಸೆಟ್ ಓಡಿಸುವ ಹಳೆಯ ವಿಸಿಆರ್. ಸೆರಗಿನೊಳಗೆ ಒಂದೇ ಒಂದು ಕ್ಯಾಸೆಟ್. ಅವರ ಊರಿನವರು ಸೇರಿ ಆಡಿದ ನಾಟಕದ ವಿಡಿಯೊ ಅದು. ಆ ನಾಟಕಕ್ಕೆ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸಿದವರು ಅವರ ತಂದೆ. ತಂದೆ ಈಗಿಲ್ಲ.

"ಹೊಸ ಟಿವಿಗೆ ಹಾಕಿದ್ರೆ ಚಿತ್ರಾನೇ ಬರಂಗಿಲ್ಲ ಅಣ್ಣಾ. ಬರೀ ಗುರ್ರ್ ಅಂತೈತೆ. ವಿಸಿಆರ್ ಕೆಟ್ಟೈತೆ, ಎಸೆದುಬಿಡ್ರಿ ಅಂದ್ರು ಒಬ್ರು," ಅಂದರು.

ಅಂಗಡಿಯ ಟಿವಿಗೆ ಅವರದೇ ವೈರು ಹಾಕಿ ನೋಡಿದೆ. ಪರದೆ ಕಪ್ಪು. ಒಂದು ಸ್ಪೀಕರಿನಲ್ಲಿ ಜೋರಾಗಿ ಗುರ್ರ್. ಇನ್ನೊಂದರಲ್ಲಿ ಏನೋ ಇದೆ, ಆದರೆ ಆ ಗುರ್ರ್ ಎಲ್ಲವನ್ನೂ ನುಂಗಿಬಿಟ್ಟಿದೆ. ಸುಮ್ನೆ ಕಿವಿಗೊಟ್ಟು ಕೂತೆ. ಸ್ವಲ್ಪ ಹೊತ್ತಿಗೆ ಆ ಗುರ್ರ್‌ನ ದನಿ ತಟ್ಟನೆ ಬದಲಾಯಿತು. ಮತ್ತೆ ಬದಲಾಯಿತು. ಆಗ ನನಗೆ ಖುಷಿಯಾಯಿತು. ಯಾಕೆಂದರೆ ಆ ಗುರ್ರ್ ಬೇರೇನೂ ಅಲ್ಲ, ಚಿತ್ರವೇ. ಕಣ್ಣಿಗೆ ಕಾಣಬೇಕಾದದ್ದು ಕಿವಿಗೆ ಕೇಳುತ್ತಿತ್ತು. ವಿಸಿಆರ್ ಚೆನ್ನಾಗಿಯೇ ಇತ್ತು.

ಇದು ಹೇಗೆ ಅಂತ ಹೇಳಬೇಕಾದರೆ ವೈರಿನೊಳಗೆ ಏನು ಹರಿಯುತ್ತದೆ ಅಂತ ನೋಡಬೇಕು.

ಪೇಟಿಯನ್ನೇ ತಗೊಳ್ಳಿ. ನಡು ಸಪ್ತಕದ ಬಿಳಿ ಆರು, ಅಂದರೆ ಆರನೇ ಬಿಳಿ ಮನೆ, ಒತ್ತಿದರೆ ಗಾಳಿ ಸೆಕೆಂಡಿಗೆ ಸುಮಾರು 440 ಸಲ ನಡುಗುತ್ತದೆ. ಮೈಕು ಆ ನಡುಕವನ್ನು ವೋಲ್ಟೇಜಿನ ಏರಿಳಿತ ಮಾಡುತ್ತದೆ. ವೈರಿನಲ್ಲೂ ಸೆಕೆಂಡಿಗೆ 440 ಏರಿಳಿತ. ಸ್ವರ ಜೋರಾದರೆ ಏರಿಳಿತ ದೊಡ್ಡದು, ಮೆಲ್ಲಗಾದರೆ ಚಿಕ್ಕದು. ಅನಲಾಗ್ ಅಂದರೆ ಇಷ್ಟೇ ನೋಡಿ. ಅಂಕಿ ಇಲ್ಲ, ಸಂಕೇತ ಇಲ್ಲ. ಗಾಳಿ ಹೇಗೆ ಅಲುಗಿತೋ ವೋಲ್ಟೇಜು ಹಾಗೇ ಅಲುಗುತ್ತದೆ. ಬೆರಳು ಪೇಟಿಯ ಮೇಲೆ ಸ್ವಲ್ಪ ತಡವರಿಸಿದ್ದರೆ ಆ ತಡವರಿಕೆಯೂ ವೈರಿನಲ್ಲಿ ಇರುತ್ತದೆ.

ಈ ಏರಿಳಿತ ಬಹಳ ಚಿಕ್ಕದು. ಮನೆಯ ಟೇಪು, ಡಿವಿಡಿ ಪ್ಲೇಯರುಗಳ ಆಡಿಯೊ ಪಿನ್ನಿನಲ್ಲಿ ಸಾಮಾನ್ಯವಾಗಿ ಸುಮಾರು 0.3 ವೋಲ್ಟ್. ಸುತ್ತಲೂ ಗೋಡೆಯೊಳಗೆ 230 ವೋಲ್ಟಿನ ಕರೆಂಟು ಓಡಾಡುತ್ತಿರುತ್ತದೆ, ಅದೂ ಸೆಕೆಂಡಿಗೆ 50 ಆವರ್ತ. ಅದರ ನಡುವೆ ಈ ಪುಟ್ಟ ಸಿಗ್ನಲ್ ಬದುಕಬೇಕು. ಅದಕ್ಕೇ ಎವಿ ವೈರನ್ನು, ಅಂದರೆ ಚಿತ್ರಕ್ಕೆ ಹಳದಿ, ಸದ್ದಿಗೆ ಕೆಂಪು ಮತ್ತು ಬಿಳಿ ಪಿನ್ನಿರುವ ವೈರನ್ನು, ಸೀಳಿ ನೋಡಿದರೆ ನಡುವೆ ಒಂದು ಎಳೆ, ಅದರ ಸುತ್ತ ತಾಮ್ರದ ಜಾಲರಿ. ನಡುವಿನ ಎಳೆ ಪಿನ್ನಿನ ಮೂತಿಗೆ, ಜಾಲರಿ ಸುತ್ತಲಿನ ಬಳೆಗೆ. ಜಾಲರಿ ಎರಡು ಕೆಲಸ ಮಾಡುತ್ತದೆ. ಸಿಗ್ನಲ್ ವಾಪಸ್ ಹೋಗುವ ದಾರಿ ಅದೇ. ಹೊರಗಿನ ಕರೆಂಟಿನ ಗುಂಯ್ ಸದ್ದನ್ನು ತಡೆಯುವ ಬೇಲಿಯೂ ಅದೇ. ಈ ಪಿನ್ನಿಗೆ ಆರ್‌ಸಿಎ ಅಂತ ಹೆಸರು. ಅಮೆರಿಕದ ಆ ಹೆಸರಿನ ರೇಡಿಯೊ ಕಂಪನಿ 1930ರ ದಶಕದಲ್ಲಿ ಮಾಡಿದ್ದು. ಗ್ರಾಮಫೋನನ್ನು ರೇಡಿಯೊಗೆ ಜೋಡಿಸಲು ಅಂತ ಹುಟ್ಟಿದ ಪಿನ್ನು ಇವತ್ತಿಗೂ ನಮ್ಮ ಮನೆಯ ಆಂಪ್ಲಿಫೈಯರ್ ಹಿಂದೆ ಇದೆ, ಅಲ್ವಾ?

ಆಂಪ್ಲಿಫೈಯರ್ ಗುಂಯ್ ಅನ್ನುತ್ತಿದೆ, ಒಳಗೆ ಸುಟ್ಟಿರಬೇಕು ಅಂತ ಎಷ್ಟೋ ಜನ ಹೊತ್ತು ತರುತ್ತಾರೆ. ಹೆಚ್ಚಿನ ಸಲ ಪಿನ್ನಿನ ಕುತ್ತಿಗೆಯಲ್ಲಿ ಜಾಲರಿ ಕಿತ್ತಿರುತ್ತದೆ. ನಾವು ವೈರು ಹಿಡಿದು ಎಳೆಯುತ್ತೇವೆ, ಪಿನ್ನು ಹಿಡಿದು ಎಳೆಯುವುದಿಲ್ಲ. ಅದಕ್ಕೇ ಅಲ್ಲೇ ಕೀಳುತ್ತದೆ. ಎರಡು ಹನಿ ಸೋಲ್ಡರ್ ಹಾಕಿದರೆ ಸರಿಹೋಗುತ್ತದೆ.

ಇನ್ನು ಚಿತ್ರಕ್ಕೆ ಬರೋಣ. ಕಷ್ಟದ ಕೆಲಸ ಹಳದಿ ಪಿನ್ನಿನದು. ನಮ್ಮ ದೇಶದ ಹಳೆಯ ಟಿವಿ ಪದ್ಧತಿಯಲ್ಲಿ ಒಂದು ಚಿತ್ರವೆಂದರೆ 625 ಗೆರೆ. ಸೆಕೆಂಡಿಗೆ ಅಂಥ 25 ಚಿತ್ರ. ಗುಣಿಸಿದರೆ ಸೆಕೆಂಡಿಗೆ 15,625 ಗೆರೆ. ಹಳೆಯ ದಪ್ಪ ಟಿವಿ ಹಾಕಿದಾಗ ಕಿವಿಗೆ ಚುಚ್ಚುವ ಸಣ್ಣ ಶಿಳ್ಳೆಯೊಂದು ಕೇಳುತ್ತಿತ್ತಲ್ಲ, ಮಕ್ಕಳಿಗೆ ಜಾಸ್ತಿ ಕೇಳುತ್ತಿತ್ತು, ಅದು ಈ 15,625. ಪ್ರತಿ ಗೆರೆಯಲ್ಲೂ ಎಲ್ಲಿ ಬೆಳಕು, ಎಲ್ಲಿ ಕತ್ತಲು ಅಂತ ವೋಲ್ಟೇಜು ಹೇಳುತ್ತಾ ಹೋಗುತ್ತದೆ. ಒಟ್ಟು ಒಂದೇ ವೋಲ್ಟ್. ಅದರಲ್ಲಿ ಕಪ್ಪಿನಿಂದ ಬಿಳಿಗೆ 0.7 ವೋಲ್ಟ್. ಉಳಿದ 0.3 ವೋಲ್ಟ್ ಚಿತ್ರಕ್ಕಲ್ಲ. "ಈ ಗೆರೆ ಮುಗೀತು, ಮುಂದಿನದು ಶುರು ಮಾಡು" ಅಂತ ಟಿವಿಗೆ ಹೇಳುವ ಸಿಂಕ್ ಸಿಗ್ನಲ್‌ಗೆ. ಚಿತ್ರವನ್ನು ಅರ್ಧರ್ಧ ಮಾಡಿ ಕಳಿಸುವುದರಿಂದ ಪರದೆಯ ಮೇಲಿನಿಂದ ಮತ್ತೆ ಶುರು ಮಾಡು ಅನ್ನುವ ದೊಡ್ಡ ಸೂಚನೆ ಸೆಕೆಂಡಿಗೆ 50 ಸಲ ಬರುತ್ತದೆ. ಅದು ದಾರಿ ತಪ್ಪಿ ಸ್ಪೀಕರಿಗೆ ಹೋದರೆ? ಗುರ್ರ್ ಅನ್ನುತ್ತದೆ. ರಂಗದ ಮೇಲೆ ದೃಶ್ಯ ಬದಲಾದರೆ ಗುರ್ರ್‌ನ ದನಿಯೂ ಬದಲಾಗುತ್ತದೆ.

ಬಣ್ಣದ ಕಥೆ ಇನ್ನೂ ಚೆಂದ. ಬಣ್ಣದ ಟಿವಿ ಬಂದಾಗ ಜನರ ಮನೆಯಲ್ಲಿದ್ದ ಕಪ್ಪು ಬಿಳುಪು ಸೆಟ್ಟು ನಿರುಪಯೋಗ ಆಗಬಾರದಿತ್ತು. ಅದಕ್ಕೆ ಬೆಳಕಿನ ಸಿಗ್ನಲ್ಲನ್ನು ಹಾಗೇ ಬಿಟ್ಟು, ಅದರ ಸಂದಿಯಲ್ಲೇ ಬಣ್ಣವನ್ನು ತೂರಿಸಿದರು, ಸೆಕೆಂಡಿಗೆ ಸುಮಾರು 44 ಲಕ್ಷ ಏರಿಳಿತದ ಅಲೆಯ ಮೇಲೆ ಕೂರಿಸಿ. ನಮ್ಮಲ್ಲಿ 1982ರಲ್ಲಿ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣ ಬಂದಾಗಲೂ ಹಳೆಯ ಸೆಟ್ಟುಗಳು ಅದೇ ಸಿಗ್ನಲ್ಲಿನಲ್ಲಿ ಕಪ್ಪು ಬಿಳುಪು ತೋರಿಸುತ್ತಲೇ ಇದ್ದವು. ನನಗೆ ಇದು ಬಹಳ ದೊಡ್ಡ ಜಾಣ್ಮೆ ಅನ್ನಿಸುತ್ತದೆ. ಆದರೆ ಒಂದೇ ದಾರಿಯಲ್ಲಿ ಇಬ್ಬರು ನಡೆದರೆ ಮೈ ತಾಗುತ್ತದೆ. ಯಾರಾದರೂ ಸಣ್ಣ ಚೌಕಳಿ ಸೀರೆ ಉಟ್ಟಿದ್ದರೆ ಸೀರೆಯ ಮೇಲೆ ಇಲ್ಲದ ಕಾಮನಬಿಲ್ಲು ಆಡುತ್ತಿತ್ತಲ್ಲ, ಟಿವಿ ಆ ಸಣ್ಣ ಗೆರೆಗಳನ್ನೇ ಬಣ್ಣ ಅಂತ ತಿಳಿದದ್ದು ಅದು. ಆಮೇಲೆ ಬಂದ ಎಸ್-ವಿಡಿಯೊ ಅನ್ನುವ ವೈರಿನಲ್ಲಿ ಬೆಳಕಿಗೊಂದು ದಾರಿ, ಬಣ್ಣಕ್ಕೊಂದು ದಾರಿ. ಹಸಿರು, ನೀಲಿ, ಕೆಂಪು ಪಿನ್ನಿನ ಕಾಂಪೊನೆಂಟ್ ಅನ್ನುವ ವೈರಿನಲ್ಲಿ ಮೂರು ದಾರಿ. ಅಲ್ಲಿ ಬೆಳಕು ಹಸಿರು ಪಿನ್ನಿನಲ್ಲಿದೆ. ಅದೊಂದನ್ನೇ ಟಿವಿಯ ಹಳದಿ ತೂತಿಗೆ ಹಾಕಿದರೆ ಚಿತ್ರ ಕಪ್ಪು ಬಿಳುಪಾಗಿ ಬರುತ್ತದೆ.

ಹಳದಿ, ಕೆಂಪು, ಬಿಳಿ ಅನ್ನುವುದು ಬರೀ ಗುರುತು. ಪಿನ್ನು ಮೂರೂ ಒಂದೇ. ಚಿತ್ರದ ವೈರು 75 ಓಮ್‌ನದ್ದಾಗಿರಬೇಕು. ಉದ್ದ ಎಳೆಯುವಾಗ ಅದು ಬೇಕೇ ಬೇಕು, ಇಲ್ಲದಿದ್ದರೆ ಚಿತ್ರದ ಅಂಚಿನಲ್ಲಿ ನೆರಳು ಬೀಳುತ್ತದೆ. ಒಂದೂವರೆ ಮೀಟರಿಗೆ ಯಾವ ಬಣ್ಣದ್ದಾದರೂ ನಡೆಯುತ್ತದೆ.

ಆ ಅಕ್ಕನ ಹೊಸ ಟಿವಿಯಲ್ಲಿ, ನಮ್ಮ ಅಂಗಡಿಯ ಟಿವಿಯಲ್ಲೂ, ಮೂರು ಬಣ್ಣದ ತೂತೇ ಇಲ್ಲ. ಇಯರ್‌ಫೋನ್ ತೂತಿನಂಥ 3.5 ಮಿಲಿಮೀಟರಿನ ಒಂದು ತೂತು, ಪಕ್ಕದಲ್ಲಿ ಎವಿ ಅಂತ ಬರೆದಿದೆ. ಅದಕ್ಕೆ ಹಾಕುವ ಪಿನ್ನಿನ ಮೇಲೆ ಮೂರು ಕಪ್ಪು ಗೆರೆ, ಅಂದರೆ ನಾಲ್ಕು ತುಂಡು. ಮೂರು ಸಿಗ್ನಲ್ಲಿಗೆ ಮೂರು, ವಾಪಸ್ ದಾರಿಗೆ ಒಂದು. ತೊಂದರೆ ಏನೆಂದರೆ ಯಾವ ತುಂಡಿಗೆ ಯಾವುದು ಅನ್ನುವುದರಲ್ಲಿ ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ಇವರು ಹಾಕಿದ್ದು ಮನೆಯಲ್ಲಿ ಬಿದ್ದಿದ್ದ ಬೇರೆ ಯಾವುದೋ ಕ್ಯಾಮೆರಾದ ವೈರು. ನೋಡಲು ಅದೇ, ಒಳಗೆ ಹಳದಿ ಮತ್ತು ಕೆಂಪು ಅದಲು ಬದಲು.

ವಿಸಿಆರ್ ಹಿಂದೆ ಹಳದಿ ಪಿನ್ನು ಕಿತ್ತು ಕೆಂಪು ತೂತಿಗೆ, ಕೆಂಪು ಪಿನ್ನು ಕಿತ್ತು ಹಳದಿ ತೂತಿಗೆ ಹಾಕಿದೆ. ಗುರ್ರ್ ನಿಂತಿತು. ಪರದೆ ಬೆಳಗಿತು. ರಂಗದ ಬಲಗಡೆ, ಮೂಲೆಯಲ್ಲಿ, ಬಿಳಿ ಟೋಪಿ ಹಾಕಿ ಪೇಟಿ ಮುಂದೆ ಕೂತ ಮನುಷ್ಯ. ಎಡಗೈಯಲ್ಲಿ ತಿದಿ ಒತ್ತುತ್ತಾ, ತಲೆ ಒಂದು ಕಡೆ ವಾಲಿಸಿ, ಪಾತ್ರಧಾರಿಯ ಬಾಯನ್ನೇ ನೋಡುತ್ತಾ ಬಾರಿಸುತ್ತಿದ್ದರು. ಕ್ಯಾಸೆಟ್ಟಿನ ಸದ್ದು ಸ್ವಲ್ಪ ಮಂಕಾಗಿತ್ತು, ಆದರೆ ಪೇಟಿ ಸ್ಪಷ್ಟ ಇತ್ತು. ಅಕ್ಕ ಸ್ಟೂಲ್ ಎಳೆದುಕೊಂಡು ಕೂತರು. ನಾನು ಬೇರೆ ಗಿರಾಕಿಯ ಕೆಲಸ ಹಿಡಿದೆ. ನಾಟಕ ಮುಗಿಯಲಿ ಅಂತ ಬಿಟ್ಟೆ.

ಹೋಗುವಾಗ ಅವರ ಹಳದಿ ಪಿನ್ನಿಗೆ ಕೆಂಪು ಟೇಪು ಸುತ್ತಿ ಕೊಟ್ಟೆ. ನಿಮ್ಮ ಮನೆಯ ಕ್ಯಾಸೆಟ್ಟೂ ಗುರ್ರ್ ಅಂದರೆ ಎಸೆಯುವ ಮೊದಲು ಪಿನ್ನು ಅದಲು ಬದಲು ಮಾಡಿ ನೋಡಿ. ನಮಸ್ಕಾರ.